ಗೌಡರ ಜಿಪ್ಸಿಗೆ ದೊಡ್ಡ ಎಂಜಿನ್

ಹಳೇ ಜಿಪ್ಸಿ ಇಟ್ಟುಕೊಂಡವರನ್ನು ಮಾತಾಡಿಸುವಾಗ ಸ್ವಲ್ಪ ಎಚ್ಚರ ಬೇಕು. ಮಳೆ ಹೇಗೆ ಎಂದು ಕೇಳಬಹುದು, ಮೆಣಸಿನ ರೇಟು ಕೇಳಬಹುದು, ಮಗಳ ಮದುವೆ ಎಲ್ಲಿಗೆ ಬಂತು ಎಂದೂ ಕೇಳಬಹುದು. ಗಾಡಿ ಹೇಗಿದೆ ಎಂದು ಮಾತ್ರ ಕೇಳಬಾರದು. ಕೇಳಿದಿರೋ, ಒಲೆ ಮೇಲಿನ ಹಾಲು ಉಕ್ಕಿರುತ್ತದೆ, ಹಂಡೆಯ ನೀರು ಆರಿರುತ್ತದೆ, ಮೂಡಿಗೆರೆ ಬಸ್ಸು ಹೋಗಿರುತ್ತದೆ. ಪಕ್ಕದ ತೋಟದ ಗೌಡರ ವಿಷಯದಲ್ಲಿ ನಾನು ಈ ನಿಯಮವನ್ನು ತಪ್ಪದೆ ಪಾಲಿಸಿಕೊಂಡು ಬಂದಿದ್ದೇನೆ. ಆದರೆ ಗೌಡರು ನಾನು ಕೇಳಲಿ ಎಂದು ಕಾಯುವ ಪೈಕಿಯಲ್ಲ.

ನಮ್ಮಿಬ್ಬರ ಹಿತ್ತಿಲ ನಡುವೆ ಇರುವುದು ದಾಸವಾಳದ ಬೇಲಿ. ಎದೆಮಟ್ಟಕ್ಕಿಂತ ಎತ್ತರ ಬೆಳೆಯಲು ಅವರು ಬಿಡುವುದಿಲ್ಲ. ಮಾತಿಗೆ ಅಡ್ಡ ಬರುತ್ತದಂತೆ. ನಾನು ಹೂ ಕೊಯ್ಯುತ್ತಿದ್ದೆ. ಆ ಕಡೆಯಿಂದ ಕಾಫಿ ಲೋಟದ ಸಮೇತ ತಲೆ ಕಾಣಿಸಿತು.

"ಮೇಷ್ಟ್ರೆ, ಬಲೆನೊ ಎಂಜಿನ್ ಹಾಕಿಸ್ಬಿಡೋಣ ಅಂತಿದೀನಿ."

"ಯಾವುದಕ್ಕೆ?"

"ಯಾವುದಕ್ಕೆ ಅಂದ್ರೆ? ಪಂಪ್‌ಸೆಟ್ಟಿಗೆ ಹಾಕಿಸ್ತಾರಾ ಮಾರಾಯ್ರೆ? ಜಿಪ್ಸಿಗೆ."

ಓದುಗರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಈಗ ರಸ್ತೆ ತುಂಬ ಓಡಾಡುವ ಬಲೆನೊ ಬೇರೆ, ಗೌಡರು ಹೇಳುವ ಬಲೆನೊ ಬೇರೆ. ಅದು 1999ರಿಂದ 2007ರವರೆಗೆ ಮಾರುತಿಯವರು ಮಾರಿದ ಡಿಕ್ಕಿ ಇರುವ ಉದ್ದನೆಯ ಕಾರು. ಅದರಲ್ಲಿದ್ದದ್ದು 1590 ಸಿಸಿ ಎಂಜಿನ್, ಸುಮಾರು 94 ಅಶ್ವಶಕ್ತಿ. ಗೌಡರ ಗಾಡಿ 1998ರ ಜಿಪ್ಸಿ ಕಿಂಗ್. ಜಿಪ್ಸಿ ಮೊದಲು ಬಂದದ್ದು 1985ರ ಕೊನೆಯಲ್ಲಿ. ಆಗ 970 ಸಿಸಿ, 45 ಅಶ್ವಶಕ್ತಿ, ನಾಲ್ಕೇ ಗೇರು. 1996ರಲ್ಲಿ ಕಿಂಗ್ ಬಂತು, 1298 ಸಿಸಿ, 60 ಅಶ್ವಶಕ್ತಿ, ಐದು ಗೇರು. 2000ದಲ್ಲಿ ಕಾರ್ಬುರೇಟರ್ ಕಿತ್ತುಹಾಕಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಕೂರಿಸಿ, ಹದಿನಾರು ವಾಲ್ವ್ ಕೊಟ್ಟು, 80 ಅಶ್ವಶಕ್ತಿಗೆ ಏರಿಸಿದರು. ಎರಡು ವರ್ಷ ಕಾದಿದ್ದರೆ ಇಪ್ಪತ್ತು ಕುದುರೆ ಪುಕ್ಕಟೆ ಸಿಗುತ್ತಿದ್ದವು ಎಂಬ ಸಂಕಟ ಗೌಡರಿಗೆ ಇವತ್ತಿಗೂ ಹೋಗಿಲ್ಲ. ನನ್ನ ಅನುಮಾನ, ಈ ಬಲೆನೊ ಯೋಚನೆಯ ಬೇರು ಆ ಸಂಕಟದಲ್ಲೇ ಇದೆ. ಇನ್ನೊಂದು ಬೇರು ಕಳಸದ ಕಡೆ ಇದೆ. ಅವರ ಭಾವಮೈದ ಅಲ್ಲಿದ್ದಾನೆ, ಅವನ ಬಿಳಿ ಜಿಪ್ಸಿಯ ಬಾನೆಟ್ಟಿನೊಳಗೆ ಆ 1.6 ಎಂಜಿನ್ ಇದೆ. ದೀಪಾವಳಿಗೆ ಬಂದಾಗ ಬಾನೆಟ್ ಎತ್ತಿ ತೋರಿಸಿ ಹೋಗಿದ್ದ.

"ಎಂಜಿನ್ ಯಾಕೆ ಬದಲಾಯಿಸ್ತೀರಿ, ಅದಕ್ಕೇನಾಗಿದೆ?" ಅಂದೆ.

"ಏನೂ ಆಗಿಲ್ಲ. ಪುಲ್ಲಿಂಗ್ ಇಲ್ಲ. ಮೇಲಿನ ತೋಟದ ಚಡಾವಿಗೆ ಗೊಬ್ಬರದ ಚೀಲ ಹಾಕ್ಕೊಂಡು ಹೊರಟ್ರೆ ಅರ್ಧದಲ್ಲಿ ಉಸಿರು ಬಿಡುತ್ತೆ."

ಎಂಜಿನ್ ಬದಲಾವಣೆ ಮಲೆನಾಡಿಗೆ ಹೊಸದೇನಲ್ಲ. ಎಸ್ಟೇಟುಗಳಿಗೆ ಮೊದಲು ಬಂದ ಜೀಪುಗಳೆಲ್ಲ ಪೆಟ್ರೋಲ್ ಗಾಡಿಗಳು. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಬೊಂಬಾಯಿಯಲ್ಲಿ ಜೋಡಿಸಲು ಶುರುಮಾಡಿದರು. ಆಮೇಲೆ ಇಲ್ಲೇ ತಯಾರಾಗತೊಡಗಿದವು. ಆ 2.2 ಲೀಟರ್ ಎಂಜಿನ್ ಎಂಥ ಗುಡ್ಡವನ್ನೂ ಹತ್ತುತ್ತಿತ್ತು, ಆದರೆ ಹತ್ತಿದ ಮೇಲೆ ಟ್ಯಾಂಕ್ ಇಣುಕಿ ನೋಡಬೇಕಾಗಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪು ಸಾಕುವುದು ಸಾಮಾನ್ಯ ಬೆಳೆಗಾರನಿಗೆ ಆಗದ ಮಾತಾಯಿತು. ಟ್ರಾಕ್ಟರ್ ಮನೆತನದ ಡೀಸೆಲ್ ಎಂಜಿನ್ ಬಂತು. ಆಮೇಲೆ ಫ್ರಾನ್ಸಿನ ಪ್ಯೂಜೊ ಡೀಸೆಲ್ ಬಂತು, 2112 ಸಿಸಿ, 62 ಅಶ್ವಶಕ್ತಿ, ಎಂಎಂ 540 ಜೀಪಿನಲ್ಲಿ ಅದೇ. ಇವೆರಡರಲ್ಲಿ ಯಾವುದು ಗುಜರಿಯಲ್ಲಿ ಸಿಕ್ಕಿತೋ ಅದನ್ನು ತಂದು ಹಳೇ ಪೆಟ್ರೋಲ್ ಜೀಪಿನ ಹೊಟ್ಟೆಗೆ ಇಳಿಸುವುದು ನಮ್ಮ ಕಡೆಯ ಗ್ಯಾರೇಜುಗಳ ದಿನನಿತ್ಯದ ಕೆಲಸವಾಗಿತ್ತು. ವೆಲ್ಡಿಂಗ್ ಬಂದರೆ ಸಾಕು, ಮೆಕ್ಯಾನಿಕ್ ಅನ್ನಿಸಿಕೊಳ್ಳಬಹುದಿದ್ದ ಕಾಲ. ಸೈನ್ಯದಿಂದ ಹರಾಜಿನಲ್ಲಿ ಬಂದ ಜೊಂಗಾ ಗಾಡಿಗೂ ಇದೇ ಪಾಡು. ಜಬಲ್ಪುರದಲ್ಲಿ ತಯಾರಾದ ಆ ನಿಸಾನ್ ಗಾಡಿಯಲ್ಲಿ ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ ಇತ್ತು. ಕೊಂಡವರು ಮೊದಲು ಮಾಡುತ್ತಿದ್ದದ್ದು ಅದನ್ನು ಕಳಚಿಟ್ಟು ಚಿಕ್ಕ ಡೀಸೆಲ್ ಎಂಜಿನ್ ಹಾಕಿಸುವುದು.

ಅವರೆಲ್ಲ ಎಂಜಿನ್ ಬದಲಾಯಿಸಿದ್ದು ಹೊಟ್ಟೆಪಾಡಿಗೆ. ಗೌಡರದು ಹೊಟ್ಟೆಪಾಡಲ್ಲ, ಚಪಲ. ಇದನ್ನು ಬೇಲಿಯ ಈಚೆ ನಿಂತು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳಿದ್ದರೆ ಆ ವರ್ಷ ನಮಗೆ ಅವರ ಮನೆಯ ಜೇನು ಬರುತ್ತಿರಲಿಲ್ಲ.

ಚಪಲಕ್ಕೂ ಒಂದು ತರ್ಕ ಇರುತ್ತದೆ, ಗೌಡರ ತರ್ಕ ಕೆಟ್ಟದ್ದೂ ಅಲ್ಲ. ಜಿಪ್ಸಿಯ 1.3 ಮತ್ತು ಬಲೆನೊದ 1.6 ಒಂದೇ ವಂಶದವು. ಸುಜುಕಿಯವರ ಜಿ ಸರಣಿಯ ಅಣ್ಣತಮ್ಮಂದಿರು. ಚಿಕ್ಕದರ ಸಿಲಿಂಡರ್ ಅಗಲ 74 ಮಿಲಿಮೀಟರ್, ದೊಡ್ಡದರದ್ದು 75; ಅಗಲದಲ್ಲಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಪಿಸ್ಟನ್ ಓಡಾಟದಲ್ಲಿ: ಇದರಲ್ಲಿ 75.5 ಮಿಲಿಮೀಟರ್, ಅದರಲ್ಲಿ 90. ಅಮೆರಿಕದಲ್ಲಿ ನಮ್ಮ ಜಿಪ್ಸಿಯ ಗಿಡ್ಡ ತಮ್ಮನನ್ನು 1985ರಿಂದ ಹತ್ತು ವರ್ಷ ಸಮುರಾಯ್ ಎಂಬ ಹೆಸರಿನಲ್ಲಿ ಮಾರಿದರು. ಅಲ್ಲಿ ಕಾಡುಮೇಡು ಸುತ್ತುವವರು ಅದರ 1.3 ಎಂಜಿನ್ ತೆಗೆದು ಸೈಡ್‌ಕಿಕ್ ಎಂಬ ಇನ್ನೊಂದು ಸುಜುಕಿಯ 1.6 ಹಾಕಿಕೊಳ್ಳುವುದು ತೀರ ಮಾಮೂಲಿ. ಅದಕ್ಕೆ ಬೇಕಾದ ಬ್ರಾಕೆಟ್ಟು, ಪ್ಲೇಟುಗಳನ್ನು ಕಿಟ್ ಮಾಡಿ ಮಾರುವವರೇ ಇದ್ದಾರೆ. ಭಾವಮೈದ ಇದನ್ನೆಲ್ಲ ಫೋನಿನಲ್ಲಿ ತೋರಿಸಿದ್ದಾನೆ. ತೋರಿಸದೆ ಬಿಟ್ಟ ವಿಷಯ ಒಂದಿದೆ. ಸೈಡ್‌ಕಿಕ್‌ನಲ್ಲಿ ಎಂಜಿನ್ ಕೂತಿರುವುದು ಉದ್ದಕ್ಕೆ, ಗೇರ್‌ಬಾಕ್ಸ್ ಹಿಂದಕ್ಕೆ ಬರುವಂತೆ, ಜಿಪ್ಸಿಯಲ್ಲೂ ಹಾಗೆಯೇ. ನಮ್ಮ ಬಲೆನೊ ಮುಂದಿನ ಚಕ್ರ ಎಳೆಯುವ ಕಾರು, ಅದರ ಎಂಜಿನ್ ಅಡ್ಡಡ್ಡ ಕೂತಿರುತ್ತದೆ. ಅಡ್ಡ ಕೂರುವ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿದರೆ ಅದರ ಸುತ್ತ ಅಂಟಿಕೊಂಡಿರುವ ಅಷ್ಟೂ ಸಾಮಾನು ತಪ್ಪು ಕಡೆಗೆ ಮುಖ ಮಾಡುತ್ತದೆ.

ಇದು ನನಗೆ ತಿಳಿದದ್ದು ಬಣಕಲ್ ಹತ್ತಿರದ ಮೇಸ್ತ್ರಿಯ ಶೆಡ್ಡಿನಲ್ಲಿ. ಗೌಡರು ಎಸ್ಟಿಮೇಟು ಕೇಳಲು ಹೊರಟಾಗ "ನೀವೂ ಬನ್ನಿ ಮೇಷ್ಟ್ರೆ, ಲೆಕ್ಕಕ್ಕೆ ಬೇಕಾಗ್ತೀರಿ" ಎಂದು ಕರೆದುಕೊಂಡು ಹೋದರು. ಪುಣ್ಯಕ್ಕೆ ಅಲ್ಲಿ ಬೇರೆ ಯಾರದೋ ಜಿಪ್ಸಿಗೆ ಇದೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಬಾನೆಟ್, ಗ್ರಿಲ್, ರೇಡಿಯೇಟರ್ ಎಲ್ಲ ಕಳಚಿ ಗೋಡೆಗೆ ಒರಗಿಸಿದ್ದರು. ಬಲೆನೊ ಎಂಜಿನ್ ಚೈನ್ ಬ್ಲಾಕಿನಲ್ಲಿ ನೇತಾಡುತ್ತಿತ್ತು. ಮೇಸ್ತ್ರಿ ಒಂದು ಬಕೆಟ್ಟಿನಿಂದ ಹಸಿ ಜೇಡಿಮಣ್ಣಿನ ಉಂಡೆ ತೆಗೆದು ಗಾಡಿಯ ಮುಂದಿನ ಹೌಸಿಂಗ್ ಮೇಲೆ, ಕ್ರೌನ್ ಇರುವ ದಪ್ಪ ಭಾಗದಲ್ಲಿ, ಅಂಟಿಸಿದ. ಹುಡುಗ ಸರಪಳಿ ಬಿಟ್ಟ. ಎಂಜಿನ್ ಮೆಲ್ಲಗೆ ಇಳಿದು ಕೂತಿತು. ಮತ್ತೆ ಎತ್ತಿಸಿದ. ಉಂಡೆ ಚಪ್ಪಟೆಯಾಗಿ ರೊಟ್ಟಿ ಹದಕ್ಕೆ ಬಂದಿತ್ತು. ಮೇಸ್ತ್ರಿ ಅದರ ದಪ್ಪವನ್ನು ಬೆರಳಲ್ಲಿ ಅಳೆದು, "ಇಷ್ಟೇ ಸಂದಿ ಇರೋದು ಸಾರ್. ಗುಂಡಿಗೆ ಇಳಿದಾಗ ಪ್ಲೇಟು ಬಗ್ಗಿ ಹೌಸಿಂಗ್ ಮೇಲೆ ಬರುತ್ತಲ್ಲ, ಆಗ ಚೇಂಬರ್ ಒಡೆದೋಗುತ್ತೆ" ಅಂದ.

ಚೇಂಬರ್ ಎಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ. ಜಿಪ್ಸಿಯ ಮುಂದಿನ ಅಚ್ಚು ಈ ಕಡೆಯಿಂದ ಆ ಕಡೆಗೆ ಒಂದೇ ಗಟ್ಟಿ ಹೌಸಿಂಗ್. ಚಕ್ರದ ಜೊತೆಗೇ ಮೇಲೆ ಕೆಳಗೆ ಆಡುತ್ತದೆ. ಅದಕ್ಕೆ ಜಾಗ ಬಿಟ್ಟೇ ಜಿಪ್ಸಿಯ ಚೇಂಬರನ್ನು ಮಾಡಿದ್ದಾರೆ. ಬಲೆನೊಗೆ ಅಂಥ ಹೌಸಿಂಗೇ ಇಲ್ಲ, ಆದ್ದರಿಂದ ಅದರ ಚೇಂಬರಿಗೆ ಆ ದಾಕ್ಷಿಣ್ಯವೂ ಇಲ್ಲ. ಜಿಪ್ಸಿಯದೇ ಚೇಂಬರ್ ತಂದು ಕೂರಿಸಬೇಕು, ಒಳಗೆ ಆಯಿಲ್ ಹೀರುವ ಕೊಳವೆಯನ್ನು ಅದರ ಆಳದ ಭಾಗಕ್ಕೆ ಸರಿಯಾಗಿ ತಿರುಗಿಸಿ ಬೆಸೆಯಬೇಕು. ಈ ಕೊಳವೆಯ ವಿಷಯದಲ್ಲಿ ಮೇಸ್ತ್ರಿ ತುಂಬ ಗಂಭೀರನಾದ. ಚಡಾವಿನಲ್ಲಿ ಮೂತಿ ಮೇಲಾದರೆ ಆಯಿಲ್ ಎಲ್ಲ ಹಿಂದಕ್ಕೆ ಹೋಗುತ್ತದೆ. ಕೊಳವೆಯ ಬಾಯಿ ಮುಂದೆ ಉಳಿದುಬಿಟ್ಟರೆ ಪಂಪು ಹೀರುವುದು ಗಾಳಿಯನ್ನು. ಬೇರಿಂಗುಗಳಿಗೆ ಆಯಿಲ್ ಇಲ್ಲ. ಸಮತಟ್ಟು ರಸ್ತೆಯಲ್ಲಿ ಈ ದೋಷ ಗೊತ್ತೇ ಆಗುವುದಿಲ್ಲ. ಗುಡ್ಡ ಹತ್ತುವ ಗಾಡಿ, ಗುಡ್ಡ ಹತ್ತುವಾಗಲೇ ಸೀಜ್ ಆಗುತ್ತದೆ.

ಮಿಕ್ಕಿದ್ದನ್ನು ಅವನು ಬೆರಳು ಮಡಿಸುತ್ತ ಹೇಳಿದ. ಪಿಸ್ಟನ್ ಓಡಾಟ ಜಾಸ್ತಿ ಆದ್ದರಿಂದ ಬ್ಲಾಕ್ ಎತ್ತರ, ಬಾನೆಟ್ಟಿಗೆ ತಾಗದಂತೆ ಕೂರಿಸಬೇಕು. ಹೆಡ್ಡಿನ ಹಿಂತುದಿಯಲ್ಲಿರುವ ಸಾಮಾನು ಫೈರ್‌ವಾಲಿಗೆ ಒತ್ತುತ್ತದೆ. ಮೌಂಟಿಂಗ್ ಹೊಸದಾಗಿ ಮಾಡಬೇಕು. ಸೈಲೆನ್ಸರ್ ಕೊಳವೆ ಸ್ಟೀರಿಂಗ್ ರಾಡಿನ ಪಕ್ಕ ಹೋಗದಂತೆ ಬಗ್ಗಿಸಬೇಕು. ಗೌಡರದು ಕಾರ್ಬುರೇಟರ್ ಗಾಡಿ, ಅದರ ಪೆಟ್ರೋಲ್ ಪಂಪಿಗೆ ಎಂಪಿಎಫ್‌ಐಗೆ ಬೇಕಾದ ಒತ್ತಡ ಬರುವುದಿಲ್ಲ. ಟ್ಯಾಂಕಿನಿಂದ ಹಿಡಿದು ಹೊಸ ಪಂಪು, ಹೊಸ ಲೈನು, ಉಳಿದ ಪೆಟ್ರೋಲ್ ವಾಪಸ್ ಹೋಗಲು ಇನ್ನೊಂದು ಲೈನು. ಕೊನೆಗೆ ವಯರಿಂಗ್. ಬಲೆನೊದ ಕಂಪ್ಯೂಟರ್ ಪೆಟ್ಟಿಗೆ, ಅದರ ಅಷ್ಟೂ ಸೆನ್ಸರು, ಅಷ್ಟೂ ತಂತಿ. "ಎಂಜಿನ್ ಇಳಿಸೋದು ಬೆಳಗ್ಗೆ ಶುರು ಮಾಡಿದ್ರೆ ಸಂಜೆಗೆ ಮುಗೀತದೆ ಸಾರ್. ವಯರಿಂಗ್ ಮಾತ್ರ ಕೇಳ್ಬೇಡಿ" ಅಂದ. ಶೆಡ್ಡಿನ ಮೂಲೆಯಲ್ಲಿ ಒಂದು ಗಾಡಿ ಟಾರ್ಪಾಲು ಹೊದ್ದು ನಿಂತಿತ್ತು. ಅದು ವಯರಿಂಗಿಗೆ ಕಾಯುತ್ತಿರುವ ಗಾಡಿಯಂತೆ. ಟಾರ್ಪಾಲಿನ ಮೇಲೆ ಕೋಳಿ ಕೂತಿತ್ತು.

"ಎಂಜಿನ್ ಎಲ್ಲಿ ಸಿಗುತ್ತೆ?" ನಾನು ಕೇಳಿದೆ.

"ಬೆಂಗಳೂರಲ್ಲಿ ಶಿವಾಜಿನಗರ ಗುಜರಿಲಿ ಹುಡುಕ್ಬೇಕು. ಕಾರಿನ ಆರ್‌ಸಿ ಕಾಪಿ ಕೊಟ್ರೆ ಮಾತ್ರ ತಗೊಳ್ಳಿ. ಇಲ್ದಿದ್ರೆ ಯಾರ್ ಮನೆ ಕಾರಿಂದೋ ಏನೋ."

ಬಲೆನೊ ನಿಂತದ್ದೇ 2007ರಲ್ಲಿ. ಅಂದರೆ ಎಷ್ಟೇ ಹೊಸದನ್ನು ಹುಡುಕಿದರೂ ಸಿಗುವುದು ಹದಿನೆಂಟು ದಾಟಿದ ಎಂಜಿನ್. ಅದನ್ನು ಬಿಚ್ಚಿ ಬೋರು, ರಿಂಗು, ಬೇರಿಂಗು ಮಾಡಿಸದೆ ಹಾಕುವ ಹಾಗಿಲ್ಲ. ಹಳೇ ಎಂಜಿನ್ನಿಗೆ ಬದಲಾಗಿ ಇನ್ನೊಂದು ಹಳೇ ಎಂಜಿನ್ ತಂದು, ಅದಕ್ಕೆ ಮಾಡುವ ರಿಪೇರಿಯನ್ನು ಮನೆಯಲ್ಲಿರುವುದಕ್ಕೇ ಯಾಕೆ ಮಾಡಬಾರದು? ಇದನ್ನು ವಾಪಸು ಬರುವ ದಾರಿಯಲ್ಲಿ ಕೇಳಿದೆ. ಗೌಡರು ಗೇರ್ ಬದಲಾಯಿಸುವ ಸದ್ದಿನಲ್ಲಿ ಆ ಪ್ರಶ್ನೆಯನ್ನು ಮುಳುಗಿಸಿದರು.

ಆ ರಾತ್ರಿ ನಾನು ಲೆಕ್ಕಕ್ಕೆ ಕೂತೆ. ಗಣಿತದ ಮೇಷ್ಟ್ರಿಗೆ ನಿವೃತ್ತಿ ಆದ ಮೇಲೆ ಯಾರೂ ಲೆಕ್ಕ ಕೊಡುವುದಿಲ್ಲ, ಸಿಕ್ಕಾಗ ಬಿಡಬಾರದು. ಜಿಪ್ಸಿ ಓಡಿಸುವವರಿಗೆ ಗೊತ್ತು, ಗೇರ್ ಲಿವರ್ ಪಕ್ಕ ಇನ್ನೊಂದು ಗಿಡ್ಡ ಲಿವರ್ ಇರುತ್ತದೆ. ಅದು ಟ್ರಾನ್ಸ್‌ಫರ್ ಪೆಟ್ಟಿಗೆಯದು. ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗಬೇಕೋ ಹಿಂದಿನ ಎರಡಕ್ಕೇ ಸಾಕೋ, ಹೈನಲ್ಲಿ ಹೋಗಬೇಕೋ ಲೋನಲ್ಲಿ ಹೋಗಬೇಕೋ ಎಂದು ಅಲ್ಲಿ ತೀರ್ಮಾನ. ಹೈನಲ್ಲಿ ಅದರ ಅನುಪಾತ 1.409, ಲೋನಲ್ಲಿ 2.268. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.6. ಅಂದರೆ ಲಿವರನ್ನು ಲೋಗೆ ಎಳೆದ ಕ್ಷಣ ಚಕ್ರದ ಎಳೆತ ಒಂದಕ್ಕೆ ಒಂದೂವರೆಗಿಂತ ತುಸು ಹೆಚ್ಚೇ ಆಗುತ್ತದೆ. ಇನ್ನು ಎಂಜಿನ್. ಗೌಡರ 1.3ರ ಟಾರ್ಕ್ ಸುಮಾರು 100 ನ್ಯೂಟನ್ ಮೀಟರ್, ಬಲೆನೊದ್ದು ಸುಮಾರು 130. ಭಾಗಿಸಿದರೆ 1.3. ಅಷ್ಟೆಲ್ಲ ಕಡಿದು, ಬೆಸೆದು, ಗುಜರಿ ಸುತ್ತಿ ತರುವ ಎಳೆತಕ್ಕಿಂತ ಹೆಚ್ಚಿನ ಎಳೆತ ಗೌಡರ ಎಡಗೈ ಹತ್ತಿರವೇ ಇದೆ!

ಇನ್ನೊಂದು ಹೊಳೆಯಿತು. ಟಾರ್ಚು ತೆಗೆದುಕೊಂಡು ಹೋಗಿ ಬೇಲಿ ಸಂದಿಯಿಂದ ಅವರ ಶೆಡ್ಡಿನಲ್ಲಿದ್ದ ಗಾಡಿಯ ಟಯರ್ ನೋಡಿದೆ. ನಾಯಿ ಬೊಗಳಿತು. ಕಿಂಗ್‌ಗೆ ಕಂಪನಿ ಕೊಟ್ಟ ಟಯರ್ ಅಳತೆ 205/70 ಆರ್ 15. ಗೌಡರ ಗಾಡಿಯ ಟಯರಿನ ಮೇಲೆ ಇದ್ದದ್ದು 235/75 ಆರ್ 15. ಭಾವಮೈದನದನ್ನು ನೋಡಿ ಬಂದವರು ಶೋಕಿಗೆ ಹಾಕಿಸಿದ್ದು. ಮೊದಲಿನದರ ವ್ಯಾಸ 668 ಮಿಲಿಮೀಟರ್, ಇದರದ್ದು 733. ಚಕ್ರ ನೂರಕ್ಕೆ ಹತ್ತರಷ್ಟು ದೊಡ್ಡದಾದರೆ ನೆಲ ತಳ್ಳುವ ಬಲ ಹೆಚ್ಚುಕಡಿಮೆ ಅಷ್ಟೇ ಕಮ್ಮಿಯಾಗುತ್ತದೆ. ಮೀಟರೂ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸುತ್ತದೆ. ಗಾಡಿಗೆ ಪುಲ್ಲಿಂಗ್ ಹೋದದ್ದು ಯಾವಾಗಿನಿಂದ ಎಂದು ಬೆಳಗ್ಗೆ ಕೇಳಿದೆ. "ಹೋದ ವರ್ಷ ಗೌರಿ ಹಬ್ಬದಿಂದ" ಅಂದರು. ಟಯರ್ ಹಾಕಿಸಿದ್ದು? "ಅದೇ, ಹಬ್ಬಕ್ಕೆ ಮೊದ್ಲು."

ಬೇಲಿ ಆಚೆ ಸ್ವಲ್ಪ ಹೊತ್ತು ಮೌನ. ಆಮೇಲೆ ಲಿವರಿನ ಲೆಕ್ಕ ಹೇಳಿದೆ. ಗೌಡರು ಸೋಲುವವರಲ್ಲ.

"ಲೋ ಹಾಕ್ಬೇಕು ಅಂದ್ರೆ ನಾಲ್ಕೂ ಚಕ್ರ ಕಚ್ಚಿಸ್ಬೇಕು ಮೇಷ್ಟ್ರೆ. ಟಾರ್ ರೋಡಲ್ಲಿ ಹಾಗೆ ಓಡಿಸೋ ಹಾಗಿಲ್ಲ, ತಿರುವಲ್ಲಿ ಜಗ್ಗುತ್ತೆ. ಚಾರ್ಮಾಡಿ ಘಾಟಿಲಿ ಲಾರಿ ಹಿಂದೆ ಸಿಕ್ಕೊಂಡಾಗ ಏನ್ ಮಾಡ್ಲಿ? ಲೋ ಹಾಕಿ ಓವರ್‌ಟೇಕ್ ಮಾಡ್ಲಾ?"

ಅವರು ಹೇಳಿದ್ದು ನಿಜ. ಜಿಪ್ಸಿಯಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಸುತ್ತಬೇಕು. ಕೆಸರಿನಲ್ಲಾದರೆ ಜಾರಿಕೊಂಡು ಸರಿಮಾಡಿಕೊಳ್ಳುತ್ತದೆ, ಟಾರಿನ ಮೇಲೆ ಶಾಫ್ಟುಗಳು ತಿರುಚಿಕೊಳ್ಳುತ್ತವೆ. ಆದರೆ ಆ ಮಾತಿನಿಂದ ಗೌಡರು ತಾವೇ ಸಿಕ್ಕಿಬಿದ್ದರು. ಶುರುವಿನಲ್ಲಿ ಇದ್ದದ್ದು ಗೊಬ್ಬರದ ಚೀಲ, ಮೇಲಿನ ತೋಟದ ಚಡಾವು. ಈಗ ಅದು ಚಾರ್ಮಾಡಿಯ ಲಾರಿಯಾಗಿತ್ತು. ಬೇಕಾಗಿದ್ದದ್ದು ಎಳೆತವಲ್ಲ, ಓಟ.

ಓಟಕ್ಕೆ ಈ ಗಾಡಿ ಹೇಳಿ ಮಾಡಿಸಿದ್ದಲ್ಲ. ಸಾವಿರ ಕೆಜಿಯ ಹತ್ತಿರದ ತೂಕ, ನಾಲ್ಕೂ ಕಡೆ ಪ್ಲೇಟು ಸ್ಪ್ರಿಂಗು, 2375 ಮಿಲಿಮೀಟರ್ ವ್ಹೀಲ್‌ಬೇಸು, ಅದರ ಮೇಲೆ ಎತ್ತರದ ಮೈ. ಅದರ ಅಮೆರಿಕದ ತಮ್ಮ ಇನ್ನೂ ಗಿಡ್ಡ. ಅದು ಸುಲಭವಾಗಿ ಉರುಳುತ್ತದೆಂದು ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 1988ರಲ್ಲಿ ಬರೆದು, ಸುಜುಕಿಯವರು ಕೋರ್ಟಿಗೆ ಹೋಗಿ, 2004ರಲ್ಲಿ ರಾಜಿಯಾದರು. ಯಾರು ಸರಿ ಎಂಬ ಪಂಚಾಯಿತಿ ನಮಗೆ ಬೇಡ. ಚಿಕ್ಕಮಗಳೂರಿನ ರ‍್ಯಾಲಿಯಲ್ಲೋ ಕೊಡಗಿನ ಆಟೋಕ್ರಾಸಿನಲ್ಲೋ ಜಿಪ್ಸಿಗಳು ಹಾರುವುದನ್ನು ಕಂಡವರು, ಒಳಗೆ ಬೆಸೆದಿರುವ ಕಬ್ಬಿಣದ ಪಂಜರವನ್ನೂ, ಓಡಿಸುವವನ ತಲೆಯ ಹೆಲ್ಮೆಟನ್ನೂ, ಎದುರಿಂದ ಬಸ್ಸು ಬರದಂತೆ ರಸ್ತೆ ಮುಚ್ಚಿರುವುದನ್ನೂ ಕೂಡ ನೋಡಬೇಕು.

ಬಲ ಜಾಸ್ತಿಯಾದರೆ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದನ್ನು ಗೌಡರ ತೋಟದ ಹಳೇ ಆಳೊಬ್ಬರು ಚೆನ್ನಾಗಿ ಹೇಳಿದರು. ಎತ್ತಿನ ಗಾಡಿ ಹೊಡೆದು ಬದುಕಿದವರು. ಬೇಲಿ ಪಕ್ಕ ಕತ್ತಿ ಮಸೆಯುತ್ತ ಕೂತು ನಮ್ಮ ವಾದವನ್ನೆಲ್ಲ ಕೇಳಿಸಿಕೊಂಡಿದ್ದರು. "ಎತ್ತು ದೊಡ್ಡದು ತಂದ್ರೆ ಮೂಕಿ ಮುರೀತದೆ ಅಯ್ಯ. ಮೂಕಿ ಗಟ್ಟಿ ಮಾಡ್ಸಿದ್ರೆ ಅಚ್ಚು ಮುರೀತದೆ." ಜಿಪ್ಸಿಯ ಅನಾಟಮಿಯನ್ನು ಇದಕ್ಕಿಂತ ಚುಟುಕಾಗಿ ಹೇಳಲಾಗದು. ಕ್ಲಚ್ಚು, ಗೇರ್‌ಬಾಕ್ಸು, ಅದರಿಂದ ಟ್ರಾನ್ಸ್‌ಫರ್ ಪೆಟ್ಟಿಗೆಗೆ ಹೋಗುವ ಗಿಡ್ಡ ಶಾಫ್ಟು, ಅಲ್ಲಿಂದ ಎರಡು ಉದ್ದ ಶಾಫ್ಟು, ಕ್ರೌನ್ ಪಿನಿಯನ್, ಕೊನೆಗೆ ಚಕ್ರದ ಆಕ್ಸಲ್. ಇವೆಲ್ಲ 60 ಕುದುರೆಗೆ ಲೆಕ್ಕ ಹಾಕಿ ಮಾಡಿದ ಸರಕು, ಅದೂ ಕಾಲು ಶತಮಾನ ಕೆಸರು ತಿಂದದ್ದು. ದಪ್ಪ ಟಯರ್ ಬೇರೆ. ನೆಲವನ್ನು ಬಿಗಿಯಾಗಿ ಕಚ್ಚಿದ ಟಯರು ಜಾರುವುದಿಲ್ಲ. ಜಾರದಿದ್ದರೆ ಎಲ್ಲೋ ಒಂದು ಕಡೆ ಕಬ್ಬಿಣ ಸೋಲಲೇಬೇಕು. ಭಾವಮೈದನನ್ನು ಫೋನಿನಲ್ಲಿ ಒತ್ತಾಯ ಮಾಡಿ ಕೇಳಿದಾಗ ಗೊತ್ತಾಯಿತು, ಅವನ ಗಾಡಿಯ ಹಿಂದಿನ ಕ್ರೌನ್ ಆಗಲೇ ಹೋಗಿ, ಬದಲಾಯಿಸಿ, ಈಗ ಮುಂದಿನದು ಗುಂಯ್ ಅನ್ನುತ್ತಿದೆ. ದೀಪಾವಳಿಗೆ ಬಂದಾಗ ಇದನ್ನು ಹೇಳಿರಲಿಲ್ಲ. ಬಾನೆಟ್ ಮಾತ್ರ ಎತ್ತಿದ್ದ.

ಇನ್ನು ಕಾಗದಪತ್ರ. ಈ ಭಾಗ ಬಂದಾಗ ಜಿಪ್ಸಿ ಪ್ರಿಯರೆಲ್ಲ ಆಕಾಶ ನೋಡುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, 2000ದ ತಿದ್ದುಪಡಿಯಾದ ಮೇಲೆ, ಸ್ಪಷ್ಟವಾಗಿಯೇ ಇದೆ: ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸಬಾರದು. ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ತಪ್ಪಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ. ಸವೆದ ಎಂಜಿನ್ನಿಗೆ ಬದಲು ಅದೇ ಮಾದರಿಯದನ್ನು ಮೊದಲೇ ಅನುಮತಿ ಪಡೆದು ಹಾಕಿಸಿ ನಂಬರ್ ತಿದ್ದಿಸಿಕೊಳ್ಳಬಹುದು. ಇಂಧನ ಬದಲಾಯಿಸಲು ಮಾನ್ಯತೆ ಇರುವ ಕಿಟ್ ಹಾಕಿಸಲೂ ಕಾನೂನು ದಾರಿ ಬಿಟ್ಟಿದೆ. ನನಗೆ ಇಲ್ಲಿ ಒಂದು ಸ್ವಾರಸ್ಯ ಕಂಡಿತು. ಪೆಟ್ರೋಲಿಗೆ ದುಡ್ಡಿಲ್ಲದೆ ಡೀಸೆಲ್ಲಿಗೆ ಹೋದ ನಮ್ಮ ಹಿರಿಯರ ಗರಜನ್ನು ಕಾನೂನು ಒಂದಿಷ್ಟು ಅರ್ಥಮಾಡಿಕೊಂಡಿದೆ. ಲಾರಿ ಹಿಂದಿಕ್ಕುವ ಗರಜನ್ನು ಅರ್ಥಮಾಡಿಕೊಂಡಿಲ್ಲ.

"ಯಾರ್ ನೋಡ್ತಾರೆ ಬಿಡಿ" ಎಂದರು ಗೌಡರು.

ನೋಡುತ್ತಾರೆ. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಬೇಕು. 2022ರ ಏಪ್ರಿಲ್‌ನಲ್ಲಿ ಆ ನವೀಕರಣದ ಶುಲ್ಕ 600ರಿಂದ 5000ಕ್ಕೆ ಏರಿತು. ಅಲ್ಲಿ ಚಾಸಿಸ್ ನಂಬರಿನ ಮೇಲೆ ಕಾಗದದ ಚೂರು ಇಟ್ಟು ಪೆನ್ಸಿಲ್ ಉಜ್ಜುತ್ತಾರೆ. ಕಬ್ಬಿಣದಲ್ಲಿ ಕೊರೆದ ಅಕ್ಷರಗಳು ಒಂದೊಂದಾಗಿ ಕಾಗದದ ಮೇಲೆ ಬೆಳ್ಳಗೆ ಏಳುತ್ತವೆ. ಎಂಜಿನ್ ನಂಬರೂ ನೋಡಬೇಕು ಅಂದರೆ ಬಾನೆಟ್ ಎತ್ತಲೇಬೇಕು. ಜಿಪ್ಸಿಯ ಸಂತತಿಯಲ್ಲಿಲ್ಲದ ನಂಬರು ಅಲ್ಲಿ ಬಂದರೆ ಯಾವ ಕಥೆ ಹೇಳುವುದು? ಅಪಘಾತವೇನಾದರೂ ಆದರೆ ವಿಮೆಯವರಿಗೆ ದುಡ್ಡು ಕೊಡದಿರಲು ಒಳ್ಳೇ ಕಾರಣವೂ ಸಿಕ್ಕಂತಾಗುತ್ತದೆ. ಗಾಯವಾದವನ ಪರಿಹಾರ ನಮ್ಮ ತೋಟದ ಮೇಲೆ ಬರಲೂಬಹುದು.

ಇಷ್ಟಾದರೂ ಗೌಡರು ಮಣಿದದ್ದು ನನ್ನ ಲೆಕ್ಕಕ್ಕಾಗಲಿ ಸುಪ್ರೀಂ ಕೋರ್ಟಿಗಾಗಲಿ ಅಲ್ಲ. ಅವರ ಮನೆಯಲ್ಲಿ ಗಾಡಿಯನ್ನು ನಿಜವಾಗಿ ಓಡಿಸುವವರು ಅಕ್ಕಾವ್ರು, ಅಂದರೆ ಗೌಡರ ಹೆಂಡತಿ. ಕಣದಿಂದ ಕಾಫಿ ಮೂಟೆ ತರುವುದು, ಆಳುಗಳನ್ನು ಬಿಟ್ಟು ಬರುವುದು, ಸಂಘದ ಮೀಟಿಂಗಿಗೆ ಹೋಗುವುದು ಎಲ್ಲ ಅವರೇ. ಗೌಡರು ಗಾಡಿಯನ್ನು ಓಡಿಸುವುದಕ್ಕಿಂತ ಅದರ ಬಗ್ಗೆ ಮಾತಾಡುವುದು ಜಾಸ್ತಿ. ಅಕ್ಕಾವ್ರು ಬೇಲಿಯ ಹತ್ತಿರ ಬಂದು ಕರಿಬೇವು ಮುರಿದುಕೊಳ್ಳುತ್ತ ಹೇಳಿದರು: "ಹತ್ತೋಕೆ ಆಗಲ್ಲ ಅಂತ ನಾನು ಯಾವತ್ತಾದ್ರೂ ಹೇಳಿದೀನಾ ಮೇಷ್ಟ್ರೆ? ಇಳಿಯೋಕೆ ಆಗಲ್ಲ ಅಂತ ಹೇಳ್ತಾನೇ ಇದೀನಿ. ಬ್ರೇಕ್ ಮಾಡ್ಸಿ ಅಂದ್ರೆ ಎಂಜಿನ್ ಅಂತಾರೆ."

ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಮೇಸ್ತ್ರಿಯ ಹತ್ತಿರ ಗಾಡಿ ಹೋಯಿತು, ಬೇರೆ ಕೆಲಸಕ್ಕೆ. ಹಿಂದಿನ ಡ್ರಮ್ಮು ಬಿಚ್ಚಿ ಹೊಸ ಲೈನರ್, ಮುಂದಿನದಕ್ಕೆ ಪ್ಯಾಡು, ತುಕ್ಕು ಹಿಡಿದ ಬ್ರೇಕ್ ಪೈಪು. ಕಂಪ್ರೆಷನ್ ನೋಡಿದರೆ ನಾಲ್ಕು ಸಿಲಿಂಡರಿನಲ್ಲಿ ಒಂದು ಸೋತಿತ್ತು. ಹೆಡ್ ಬಿಚ್ಚಿ ವಾಲ್ವ್ ಕೂರಿಸಿದರು. ಕಾರ್ಬುರೇಟರ್ ತೊಳೆದರು. ಕ್ಲಚ್ಚು ಜಾರುತ್ತಿತ್ತು, ಹಾಕಿಸಿದರು. ದಪ್ಪ ಟಯರ್ ಭಾವಮೈದನಿಗೆ ಹೋಯಿತು, ಹಳೇ ಅಳತೆಯದು ಬಂತು. ಗೊಬ್ಬರದ ಚೀಲಗಳ ಸಮೇತ ಗಾಡಿ ಮೇಲಿನ ತೋಟದ ಚಡಾವನ್ನು ಎರಡನೇ ಗೇರಿನಲ್ಲಿ, ಲೋ ಹಾಕದೆ, ಹತ್ತಿತು. ನಾನು ಹಿಂದಿನ ಸೀಟಿನಲ್ಲಿ ಚೀಲಗಳ ಜೊತೆ ಕೂತಿದ್ದೆ. ಅಡ್ಡ ಸೀಟಿನಲ್ಲಿ ಕೂತವರ ಸೊಂಟದ ಬಗ್ಗೆ ಸುಜುಕಿಯವರು ಯಾಕೆ ಯೋಚಿಸಲಿಲ್ಲವೋ!

ನಿಮ್ಮ ಮನೆಯಲ್ಲೂ ಈ ಜ್ವರ ಹಿಡಿದವರು ಇದ್ದರೆ, ಗುಜರಿಗೆ ಹೊರಡುವ ಮೊದಲು ಕಂಪ್ರೆಷನ್ ನೋಡಿಸಿ, ಕ್ಲಚ್ಚು ನೋಡಿಸಿ, ಟಯರಿನ ಪಕ್ಕೆಯ ಮೇಲಿರುವ ಅಂಕಿ ಓದಿ. ಅದಕ್ಕೆ ದುಡ್ಡು ಬೇಕಾಗಿಲ್ಲ, ಒಂದು ಟಾರ್ಚು ಸಾಕು. ಖಾಸಗಿ ರೇಸು ಮೈದಾನಕ್ಕೆಂದೇ ಇಟ್ಟ ಗಾಡಿಯಾದರೆ ಏನು ಬೇಕಾದರೂ ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ರಸ್ತೆಗೆ ತರುವ ಗಾಡಿಗೆ ಬೇಡ.

ಗೌಡರಿಗೆ ಆಸೆ ಪೂರ್ತಿ ಹೋಗಿದೆ ಎಂದು ನಾನು ಹೇಳಲಾರೆ. ಗಾಡಿಯ ಮುಂದಿನ ನವೀಕರಣ 2028ಕ್ಕೆ. ಅಲ್ಲಿಯವರೆಗೆ ಬಾನೆಟ್ಟಿನೊಳಗೆ ಇರುವುದು 1298 ಸಿಸಿಯೇ ಎಂದು ಅಕ್ಕಾವ್ರು ತೀರ್ಪು ಕೊಟ್ಟಿದ್ದಾರೆ.